ಕುಲಶಾಸ್ತ್ರೀಯ ಚಿತ್ರೋತ್ಸವಕ್ಕೆ ಹೊರಟವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕುಲಶಾಸ್ತ್ರೀಯ ಸಾಕ್ಷ್ಯಚಿತ್ರಗಳ (ಒಂದು ಸಮುದಾಯದ ಬದುಕನ್ನು ಅವರ ನಡುವೆಯೇ ಇದ್ದು ದಾಖಲಿಸುವ ಚಿತ್ರಗಳ) ಉತ್ಸವಕ್ಕೆ ಮೊದಲ ಸಲ ಹೋಗಬೇಕೆಂದಿದ್ದೇನೆ. ದಿನಕ್ಕೆ ಆರೇಳು ಚಿತ್ರಗಳಿರುತ್ತವಂತೆ. ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ?
– ಮಾನವಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಉತ್ತರ: ದಿನಕ್ಕೆ ಮೂರು ಸಾಕು. ನಾಲ್ಕನೆಯದಕ್ಕೆ ಕೂತರೆ ಬೆಳಿಗ್ಗೆ ನೋಡಿದ್ದು ಮಸುಕಾಗುತ್ತದೆ. ಇಂಥ ಉತ್ಸವಗಳಲ್ಲಿ ಬಹಳಷ್ಟು ಚಿತ್ರಗಳು 50ರಿಂದ 90 ನಿಮಿಷದವು. ಅದರ ಬೆನ್ನಿಗೆ ನಿರ್ದೇಶಕರ ಜೊತೆ 20–30 ನಿಮಿಷ ಸಂವಾದ ಇಡುವುದು ವಾಡಿಕೆ. ಅದನ್ನು ಬಿಟ್ಟು ಪಕ್ಕದ ಸಭಾಂಗಣಕ್ಕೆ ಓಡಿದವರು ಅರ್ಧವನ್ನಷ್ಟೇ ನೋಡಿದಂತೆ. ಆ ಊರಲ್ಲಿ ಎಷ್ಟು ತಿಂಗಳಿದ್ದರು, ಯಾರ ಮನೆಯಲ್ಲಿ ಉಳಿದರು, ಏನನ್ನು ತೋರಿಸಬೇಡಿ ಎಂದು ಊರವರು ಹೇಳಿದರು ಎಂಬುದೆಲ್ಲ ಪರದೆಯ ಮೇಲೆ ಬರುವುದಿಲ್ಲ. ಆದ್ದರಿಂದ ವೇಳಾಪಟ್ಟಿ ಕೈಗೆ ಬಂದೊಡನೆ ‘ನಿರ್ದೇಶಕರು ಹಾಜರಿರುತ್ತಾರೆ’ ಎಂದಿರುವ ಪ್ರದರ್ಶನಗಳಿಗೆ ಗುರುತು ಹಾಕಿ.

ಉಳಿದವನ್ನು ಕೈಪಿಡಿಯ ಸಾರಾಂಶ ಓದಿ ಆರಿಸಿ. ಊರಿನ ಹೆಸರು, ಆಡುವ ಭಾಷೆ, ಚಿತ್ರೀಕರಣದ ವರ್ಷ, ಧ್ವನಿಮುದ್ರಣ ಯಾರದು ಎಂಬುದು ಸ್ಪಷ್ಟವಾಗಿ ಬರೆದಿದ್ದರೆ ಹೋಗಬಹುದು. ‘ಮರೆಯಾಗುತ್ತಿರುವ ಬುಡಕಟ್ಟಿನ ನಿಗೂಢ ಲೋಕ’ ಎಂಬ ಧಾಟಿಯ ಸಾರಾಂಶವನ್ನು ಕೊನೆಗಿಡಿ.

ಸಬ್‌ಟೈಟಲ್ ಬರುವುದು ಪರದೆಯ ತಳದಲ್ಲಿ. ಸಮತಟ್ಟು ನೆಲದ ಸಭಾಂಗಣದಲ್ಲಿ ಮುಂದಿನವರ ತಲೆ ಅದರ ಕೆಳಸಾಲನ್ನೇ ಮುಚ್ಚುತ್ತದೆ. ನಡುದಾರಿಯ ಪಕ್ಕದ ಕುರ್ಚಿ ಹಿಡಿಯಿರಿ. ಟಿಪ್ಪಣಿಗೆ ಪೆನ್ಸಿಲ್ ಮತ್ತು ಚಿಕ್ಕ ವಹಿ ಇರಲಿ. ಕತ್ತಲಲ್ಲಿ ಸಾಲಿನ ಮೇಲೆ ಸಾಲು ಬೀಳುವುದರಿಂದ ಪುಟಕ್ಕೆ ನಾಲ್ಕೇ ಸಾಲು ಬರೆಯಿರಿ. ಮೊಬೈಲ್ ಬೆಳಕು ಖಂಡಿತ ಬೇಡ.

ಲಂಡನ್ನಿನ ರಾಯಲ್ ಆಂತ್ರೊಪಾಲಾಜಿಕಲ್ ಇನ್‌ಸ್ಟಿಟ್ಯೂಟ್ 1985ರಲ್ಲಿ, ಜರ್ಮನಿಯ ಗಟ್ಟಿಂಗೆನ್ 1993ರಲ್ಲಿ ಇಂಥ ಉತ್ಸವ ಶುರುಮಾಡಿದವು. ನಮ್ಮ ಭಾಗದವರಿಗೆ ಕೈಗೆಟಕುವಂಥದ್ದು ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ, 1990ರಲ್ಲಿ ಆರಂಭವಾದದ್ದು. ತಿರುವನಂತಪುರದಲ್ಲೂ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವವಿದೆ. ಇವೆರಡೂ ಕುಲಶಾಸ್ತ್ರೀಯ ಚಿತ್ರಗಳಿಗೇ ಮೀಸಲಲ್ಲ, ಹುಡುಕಿ ಆರಿಸಿಕೊಳ್ಳಬೇಕು. ಹುಬ್ಬಳ್ಳಿಯಿಂದ ದಾದರ್‌ಗೆ ನೇರ ರೈಲಿದೆ, ಆದರೆ ರೈಲಿನ ಟಿಕೆಟ್‌ಗಿಂತ ಮೊದಲು ಪ್ರತಿನಿಧಿ ಪಾಸ್‌ನ ಆನ್‌ಲೈನ್ ನೋಂದಣಿ ಮುಗಿಸಿ. ಕಾಲೇಜಿನ ಗುರುತಿನ ಚೀಟಿ ಜೊತೆಗಿರಲಿ.

ಪ್ರಶ್ನೆ: ಇಂಥದ್ದೊಂದು ಚಿತ್ರ ನೋಡಿದೆ. ಹದಿನೈದು ನಿಮಿಷ ಒಬ್ಬಾಕೆ ಗಡಿಗೆ ತಟ್ಟುತ್ತ ಕೂತಿರುತ್ತಾಳೆ, ಒಂದು ಮಾತಿನ ವಿವರಣೆ ಇಲ್ಲ. ಯಾಕೆ ಹೀಗೆ?
– ಶಿಕ್ಷಕರು, ಗದಗ-ಬೆಟಗೇರಿ

ಉತ್ತರ: ಬೇಕೆಂದೇ ಬಿಟ್ಟಿರುತ್ತಾರೆ. 1960ರ ಆಸುಪಾಸಿನವರೆಗೂ ಬಯಲಿನಲ್ಲಿ ಚಿತ್ರದ ಜೊತೆಗೇ ಮಾತನ್ನು ಹಿಡಿಯುವುದು ಬಹಳ ಕಷ್ಟವಿತ್ತು. ಹಾಗಾಗಿ ಚಿತ್ರ ಮಾಡಿದವರೇ ಹಿನ್ನೆಲೆಯಲ್ಲಿ ಎಲ್ಲವನ್ನೂ ಹೇಳುತ್ತಿದ್ದರು. ಹೆಗಲ ಮೇಲೆ ಹೊರುವ 16 ಎಂ.ಎಂ. ಕ್ಯಾಮೆರಾ, ಅದಕ್ಕೆ ತಾಳೆಯಾಗಿ ಓಡುವ ಟೇಪ್ ರೆಕಾರ್ಡರ್ ಬಂದ ಮೇಲೆ ಜನ ತಮ್ಮ ಮಾತನ್ನು ತಾವೇ ಆಡತೊಡಗಿದರು. 400 ಅಡಿಯ ಸುರುಳಿ ಸುಮಾರು 11 ನಿಮಿಷ ಓಡುತ್ತಿತ್ತು. ಒಂದು ಕೆಲಸವನ್ನು ಕತ್ತರಿಸದೆ ತೋರಿಸಲು ಅಷ್ಟು ಸಾಕಾಗುತ್ತಿತ್ತು.

ಮತ್ತೊಮ್ಮೆ ನೋಡಲು ಸಿಕ್ಕರೆ ಆಕೆಯ ಎರಡೂ ಕೈ ಗಮನಿಸಿ. ಒಂದು ಕೈ ಒಳಗಿನಿಂದ ಕಲ್ಲು ಒತ್ತಿ ಹಿಡಿದಿರುತ್ತದೆ, ಇನ್ನೊಂದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಿರುತ್ತದೆ. ಮಣ್ಣು ತೆಳುವಾದಂತೆ ತಟ್ಟುವ ಸದ್ದು ಬೇರೆಯಾಗುತ್ತದೆ. ಮೇಲೊಂದು ನಿರೂಪಣೆ ಹಾಕಿದ್ದರೆ ಆ ಸದ್ದು ನಿಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಇದನ್ನು ಅತಿಗೆ ಒಯ್ದವರೂ ಇದ್ದಾರೆ. ರಾಬರ್ಟ್ ಗಾರ್ಡ್ನರ್ 1986ರಲ್ಲಿ ಕಾಶಿಯ ಮೇಲೆ ಮಾಡಿದ ‘ಫಾರೆಸ್ಟ್ ಆಫ್ ಬ್ಲಿಸ್’ನಲ್ಲಿ ನಿರೂಪಣೆಯೂ ಇಲ್ಲ, ಸಬ್‌ಟೈಟಲ್ಲೂ ಇಲ್ಲ. ಮಾನವಶಾಸ್ತ್ರಜ್ಞರಲ್ಲಿ ಅದರ ಬಗ್ಗೆ ದೊಡ್ಡ ಜಗಳವೇ ನಡೆಯಿತು. ನಿರೂಪಣೆ ಬಿಡಬಹುದು, ಜನರ ಮಾತಿನ ಅನುವಾದ ಬಿಡಬಾರದು ಎಂಬುದು ನಮ್ಮ ನಿಲುವು.

ಪ್ರಶ್ನೆ: ಸಂವಾದದಲ್ಲಿ ಏನು ಕೇಳಬೇಕು? ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಒಂದೇ ಪ್ರಶ್ನೆ, ಎರಡೇ ವಾಕ್ಯ. ಕನ್ನಡದಲ್ಲೋ ಹಿಂದಿಯಲ್ಲೋ ಧೈರ್ಯವಾಗಿ ಕೇಳಿ. ಸಂವಾದ ನಡೆಸಿಕೊಡುವವರಿಗೆ ಮೊದಲೇ ತಿಳಿಸಿದರೆ ಅನುವಾದಿಸುವವರನ್ನು ಹುಡುಕುತ್ತಾರೆ.

ಯಾವ ಚಿತ್ರಕ್ಕೂ ಸಲ್ಲುವ ಪ್ರಶ್ನೆ: ‘ಇದರಲ್ಲಿರುವವರು ಇದನ್ನು ನೋಡಿದರೇ, ಏನೆಂದರು?’ ಫ್ರಾನ್ಸಿನ ಜಾನ್ ರೂಶ್ ನೈಜರ್ ನದಿಯ ನೀರಾನೆ ಬೇಟೆಯ ಚಿತ್ರವನ್ನು 1950ರ ದಶಕದಲ್ಲಿ ಆ ಬೇಟೆಗಾರರಿಗೇ ತೋರಿಸಿದರು. ಬೇಟೆಯ ದೃಶ್ಯಕ್ಕೆ ಸೇರಿಸಿದ್ದ ಸಂಗೀತ ಅವರಿಗೆ ಹಿಡಿಸಲಿಲ್ಲ: ಸದ್ದಾದರೆ ನೀರಾನೆ ತಪ್ಪಿಸಿಕೊಳ್ಳುತ್ತದಲ್ಲ! ರೂಶ್ ಆ ಸಂಗೀತವನ್ನು ತೆಗೆದುಹಾಕಿದರು. ಇನ್ನೊಂದು ಪ್ರಶ್ನೆ: ‘ಕ್ಯಾಮೆರಾಕ್ಕಾಗಿ ಏನನ್ನು ಮಾಡಿಸಿದಿರಿ?’ ಕೆನಡಾದ ಉತ್ತರದ ಇನ್ಯೂಟ್ ಜನರ ಮೇಲಿನ 1922ರ ಚಿತ್ರ ‘ನಾನೂಕ್ ಆಫ್ ದ ನಾರ್ತ್’ನಲ್ಲಿ ಹಿಮದ ಮನೆಯೊಳಗೆ ಬೆಳಕು ಸಾಲದೆ, ಒಂದು ಬದಿ ತೆರೆದ ದೊಡ್ಡ ಮನೆ ಕಟ್ಟಿಸಿ ಚಿತ್ರೀಕರಿಸಿದ್ದರು. ನಾಯಕನ ನಿಜವಾದ ಹೆಸರು ಕೂಡ ನಾನೂಕ್ ಅಲ್ಲ.

ಪ್ರಶ್ನೆ: ನಮ್ಮ ಕಡೆಯ ಕೊಬ್ಬರಿ ಹೋರಿ ಹಬ್ಬವನ್ನು (ಕೊಬ್ಬರಿ ಕಟ್ಟಿ ಓಡಿಸುವ ಹೋರಿಗಳನ್ನು ಹಿಡಿಯುವ ಸ್ಪರ್ಧೆ) ಚಿತ್ರೀಕರಿಸಿ 40 ನಿಮಿಷಕ್ಕೆ ಇಳಿಸಿದ್ದೇವೆ. ಸ್ವಲ್ಪ ಭಾಗ ಮೊಬೈಲಿನದು. ಉತ್ಸವಕ್ಕೆ ಕಳಿಸುವುದು ಹೇಗೆ?
– ಗೆಳೆಯರ ಬಳಗ, ಹಾವೇರಿ

ಉತ್ತರ: ಯೂಟ್ಯೂಬಿಗೆ ಹಾಕಬೇಡಿ. ಆಗಲೇ ಎಲ್ಲರೂ ನೋಡಿದ ಚಿತ್ರವನ್ನು ಕೆಲವು ಉತ್ಸವಗಳು ಒಪ್ಪುವುದಿಲ್ಲ. ಪಾಸ್‌ವರ್ಡ್ ಇರುವ ಲಿಂಕ್ ಕಳಿಸಿ, ಫಲಿತಾಂಶ ಬರುವವರೆಗೆ ಅದನ್ನು ಬದಲಿಸಬೇಡಿ.

ಮೊಬೈಲಿನ ತುಣುಕುಗಳಲ್ಲಿ ಫ್ರೇಮ್ ವೇಗ ಏರಿಳಿಯುತ್ತಿರುತ್ತದೆ. ಹಾಗೆಯೇ ಸಂಕಲನಕ್ಕೆ ತಂದರೆ ಉದ್ದನೆಯ ಮಾತುಕತೆಯಲ್ಲಿ ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ. ಎಲ್ಲವನ್ನೂ ಮೊದಲೇ ಸೆಕೆಂಡಿಗೆ 25 ಫ್ರೇಮ್, ಧ್ವನಿ 48 ಕಿಲೋಹರ್ಟ್ಸ್‌ಗೆ ಪರಿವರ್ತಿಸಿಕೊಳ್ಳಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, 30 ಫ್ರೇಮ್‌ನಲ್ಲಿ ತೆಗೆದರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿನುಗಬಹುದು.

ನಿಮಗೆ ಹೆಚ್ಚು ತೊಡಕಾಗುವುದು ಮೈಕಿನ ಹಾಡು. ಅಖಾಡದ ಧ್ವನಿವರ್ಧಕದ ಸಿನಿಮಾ ಹಾಡು ಹಿನ್ನೆಲೆಯಲ್ಲಿ ಕೇಳಿಸಿದರೂ ಉತ್ಸವದವರು ಹಕ್ಕುದಾರರ ಅನುಮತಿ ಕೇಳಬಹುದು, ಮಾತಿನಿಂದ ಅದನ್ನು ಬೇರ್ಪಡಿಸುವುದೂ ಸುಲಭವಲ್ಲ. ಮುಂದಿನ ದೀಪಾವಳಿಗೆ, ಮೈಕು ಶುರುವಾಗುವ ಮೊದಲೇ ಹೋಗಿ ಹಲಗಿ, ಗೆಜ್ಜೆ, ಜನರ ಗದ್ದಲವನ್ನು ಐದೈದು ನಿಮಿಷ ಬೇರೆಯಾಗಿ ಮುದ್ರಿಸಿಕೊಳ್ಳಿ. ರೆಕಾರ್ಡರಿನ ಮಾಪಕದಲ್ಲಿ ಧ್ವನಿಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಪಟಾಕಿ ಸಿಡಿದು ಮಟ್ಟ ಸೊನ್ನೆ ಮುಟ್ಟಿದರೆ ಒಡೆದ ಸದ್ದನ್ನು ಸರಿಪಡಿಸುವುದು ಬಹಳ ಕಷ್ಟ.

ಇಂಗ್ಲಿಷ್ ಸಬ್‌ಟೈಟಲ್ ಎರಡು ಸಾಲು ಮೀರದಿರಲಿ, ಸಾಲಿಗೆ 40 ಅಕ್ಷರದೊಳಗೆ. ಚಿತ್ರದ ಮೇಲೆ ಅಚ್ಚೊತ್ತದೆ ಪ್ರತ್ಯೇಕ ಎಸ್‌ಆರ್‌ಟಿ (ಸಬ್‌ಟೈಟಲ್ ಸಾಲುಗಳಷ್ಟೇ ಇರುವ) ಕಡತವಾಗಿಯೂ ಇಟ್ಟುಕೊಳ್ಳಿ.

ಇನ್ನು ಒಪ್ಪಿಗೆ. ಹೋರಿ ಮಾಲೀಕರು, ಹೋರಿ ಹಿಡಿಯುವವರು ಒಪ್ಪಿದ್ದನ್ನು ಅವರ ಮಾತಿನಲ್ಲೇ ಕ್ಯಾಮೆರಾದಲ್ಲಿ ದಾಖಲಿಸಿ. ಎಲ್ಲೆಲ್ಲಿ ತೋರಿಸುತ್ತೀರಿ ಎಂಬುದನ್ನೂ ಅದರಲ್ಲೇ ಹೇಳಿ. ಗಾಯಗೊಂಡವರ ದೃಶ್ಯವಿದ್ದರೆ ಹಬ್ಬದ ಗದ್ದಲದಲ್ಲಿ ತಲೆಯಾಡಿಸಿದ್ದನ್ನು ಒಪ್ಪಿಗೆ ಅನ್ನಲಾಗದು. ಅವರ ಮನೆಗೆ ಹೋಗಿ, ಸಂಕಲಿಸಿದ ಭಾಗವನ್ನು ಮನೆಯವರಿಗೂ ತೋರಿಸಿ, ಮತ್ತೆ ಕೇಳಿ. ಬೇಡವೆಂದರೆ ಆ ಭಾಗವನ್ನು ತೆಗೆಯಲೇಬೇಕು, ಚಿತ್ರ ಆಯ್ಕೆಯಾದ ಮೇಲೆ ಹೇಳಿದರೂ ಅಷ್ಟೇ. ಹಾಗಾಗಿ ಅರ್ಜಿ ಹಾಕುವ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ.