ಎಷ್ಟು ತುತ್ತ ಉಳಿದಾಗ ಆರ್ಡರ್ ಹಾಕಬೇಕು?

ಪ್ರಶ್ನೆ: ನಮ್ಮದು ಹಳ್ಳಿಯಲ್ಲಿ ಗೊಬ್ಬರ, ಔಷಧಿ ಅಂಗಡಿ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ, ಸುಣ್ಣ ಕೇಳಿಕೊಂಡು ಬರುತ್ತಾರೆ. ಹೋದ ವರ್ಷ ಜೂನ್‌ನಲ್ಲಿ ಮೂರು ದಿನ ತುತ್ತವೇ ಇರಲಿಲ್ಲ. ಈ ವರ್ಷ ಹೆದರಿ ಜಾಸ್ತಿ ತರಿಸಿದೆ, ಉಳಿದುಹೋಯಿತು. ಹುಬ್ಬಳ್ಳಿಯಿಂದ ಸರಕು ಬರಲು 4 ದಿನ, ಕೆಲವೊಮ್ಮೆ 7 ದಿನ. ಎಷ್ಟು ಉಳಿದಾಗ ಆರ್ಡರ್ ಹಾಕಬೇಕು? ಸಾಫ್ಟ್‌ವೇರ್ ತಗೊಳ್ಳಲಾ?
– ಹೆಸರು ಬೇಡ, ಶಿರಸಿ ತಾಲ್ಲೂಕು

ಉತ್ತರ: ಪುಸ್ತಕದ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಸೀಸನ್‌ನಲ್ಲಿ ದಿನಕ್ಕೆ ಸರಾಸರಿ 60 ಕೆಜಿ ಹೋಗುತ್ತದೆ ಅಂತಿಟ್ಟುಕೊಳ್ಳಿ. 4 ದಿನಕ್ಕೆ 240. ಸರಿಯಾಗಿ 240 ಉಳಿದಾಗ ಆರ್ಡರ್ ಹಾಕಿದರೆ, ಹೆಚ್ಚುಕಡಿಮೆ ಎರಡರಲ್ಲಿ ಒಂದು ಸಲ ಲಾರಿ ಬರುವ ಮೊದಲೇ ಚೀಲ ಖಾಲಿ. ಅದಕ್ಕೇ ಮೇಲೊಂದಿಷ್ಟು ಇಟ್ಟುಕೊಳ್ಳುವುದು. ದಿನದ ಏರಿಳಿತ, ಅಂದರೆ ಮಾನಕ ವಿಚಲನೆ, 40 ಕೆಜಿ ಇದ್ದರೆ ಅದನ್ನು 4ರ ವರ್ಗಮೂಲದಿಂದ, ಆಮೇಲೆ 1.65ರಿಂದ (ನೂರಕ್ಕೆ 95 ಸಲ ಸಾಕಾಗಲು ಪುಸ್ತಕ ಹೇಳುವ ಸಂಖ್ಯೆ) ಗುಣಿಸಿ. 132 ಬರುತ್ತದೆ. ಒಟ್ಟು 372 ಕೆಜಿಗೆ ಇಳಿದಾಗ ಆರ್ಡರ್. ನೂರಕ್ಕೆ 95 ಸಲ ಸಾಕಾಗಬೇಕು.

ಲೆಕ್ಕ ಚೆಂದ. ಆದರೆ ನಿಮ್ಮ ಅಂಗಡಿಗೆ ಇದು ಸಾಲದು. ಒಂದು ದಿನದ ವ್ಯಾಪಾರಕ್ಕೂ ಮರುದಿನದ್ದಕ್ಕೂ ಸಂಬಂಧ ಇಲ್ಲ ಅಂತ ಈ ಸೂತ್ರ ನಂಬುತ್ತದೆ. ಶಿರಸಿ ಮಳೆ ಹಾಗಿಲ್ಲ. ವಾರಗಟ್ಟಲೆ ಸುರಿದು ಎರಡು ದಿನ ಬಿಡುವು ಕೊಟ್ಟಿತೋ, ಕೊನೆಗೌಡ (ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವ) ಸಿಕ್ಕವರೆಲ್ಲ ಒಟ್ಟಿಗೇ ಬರುತ್ತಾರೆ. ಇನ್ನೊಂದು ಸಂಗತಿ. ನಾನು ಹುಬ್ಬಳ್ಳಿಯ ಹೋಲ್‌ಸೇಲ್ ಅಂಗಡಿಯಲ್ಲಿ ಫೋನ್ ಹತ್ತಿರ ಕೂತು ಆರ್ಡರ್ ಬರೆದುಕೊಂಡವನು. ನಿಮ್ಮಲ್ಲಿ ಬಿಸಿಲು ಕಂಡ ದಿನವೇ ಸಿದ್ದಾಪುರ, ಯಲ್ಲಾಪುರದವರ ಫೋನೂ ಬರುತ್ತಿತ್ತು. ಆಗ ಸರದಿ ಉದ್ದವಾಗುತ್ತದೆ. ಅಂದರೆ ನಿಮಗೆ ಸರಕು ಜಾಸ್ತಿ ಬೇಕಾದ ಹೊತ್ತಲ್ಲೇ 4 ದಿನದ ಲಾರಿ 7 ದಿನ ಮಾಡುತ್ತದೆ. ಆ 7 ದಿನ ಬರೀ ದುರದೃಷ್ಟ ಅಲ್ಲ.

ಹಾಗಾಗಿ ಹಳೆಯ ಬಿಲ್ ಪುಸ್ತಕ ತೆಗೆಯಿರಿ. ಔಷಧಿ ಹೊಡೆಯುವ ತಿಂಗಳುಗಳು ಮಾತ್ರ ಸಾಕು, ವರ್ಷದ ಸರಾಸರಿ ಬೇಡವೇ ಬೇಡ. ಜೂನ್ 1ರಿಂದ 7, ಆಮೇಲೆ 2ರಿಂದ 8, ಹೀಗೆ ಒಂದೊಂದೇ ದಿನ ಸರಿಸುತ್ತ 7 ದಿನಗಳ ಮಾರಾಟ ಕೂಡಿ. 40 ಮೊತ್ತ ಸಿಕ್ಕರೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮೇಲಿಂದ ಮೂರನೆಯದು ನಿಮ್ಮ ಮಟ್ಟ, ಸ್ಟಾಕ್ ಅಷ್ಟಕ್ಕೆ ಇಳಿದಾಗ ಆರ್ಡರ್. ಅದಕ್ಕಿಂತ ಜಾಸ್ತಿ ಹೋದದ್ದು 40ರಲ್ಲಿ ಎರಡೇ ಸಲ, ಅಲ್ವಾ? ಎರಡು ಮೂರು ವರ್ಷದ ಪುಸ್ತಕ ಇದ್ದರೆ ಇನ್ನೂ ಒಳ್ಳೆಯದು. ಸ್ಟಾಕ್ ಎಣಿಸುವಾಗ ದಾರಿಯಲ್ಲಿರುವ ಸರಕನ್ನೂ ಸೇರಿಸಿ, ಇಲ್ಲದಿದ್ದರೆ ಎರಡೆರಡು ಸಲ ಆರ್ಡರ್ ಹೋಗುತ್ತದೆ.

ಒಂದು ಎಚ್ಚರ. ಹೋದ ವರ್ಷ ತುತ್ತ ಇಲ್ಲದ ಆ ಮೂರು ದಿನ ಪುಸ್ತಕದಲ್ಲಿ ಸೊನ್ನೆ ಇರುತ್ತದೆ. ಕೇಳಿದವರು ಸೊನ್ನೆಯಾ? ಬಿಲ್ ತೋರಿಸುವುದು ಮಾರಾಟವನ್ನು, ವಾಪಸ್ ಹೋದವರನ್ನಲ್ಲ. ಆ ದಿನಗಳು ಸೇರಿದ ವಾರಗಳನ್ನು ಲೆಕ್ಕದಿಂದ ಬಿಡಿ. ಇನ್ನು ಮುಂದೆ ಕೇಳಿ ಹೋದವರಿಗೆ ಎಷ್ಟು ಕೆಜಿ ಬೇಕಿತ್ತು ಅಂತ ಗಲ್ಲಾದ ಪಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಎರಡನೇ ಸುತ್ತಿಗೆ ಇಷ್ಟು ಊಹೆ ಬೇಕಾಗಿಲ್ಲ. ಮೊದಲ ಸಲ ಹೊಡೆದವರು 40-45 ದಿನಕ್ಕೆ ಮತ್ತೆ ಹೊಡೆಯುತ್ತಾರೆ. ಮೊದಲ ಸುತ್ತಿನ ಬಿಲ್ಲುಗಳೇ ನಿಮ್ಮ ಮುಂಗಡ ಪಟ್ಟಿ.

ಉಳಿದ ತುತ್ತಕ್ಕೆ ಚಿಂತೆ ಬೇಡ. ಒಣ ಜಾಗದಲ್ಲಿಟ್ಟರೆ ಮುಂದಿನ ವರ್ಷ ಮಾರಬಹುದು, ಹೋಗುವುದು ಬಡ್ಡಿ ಮಾತ್ರ. ಸುಣ್ಣ ಹಾಗಲ್ಲ, ಗಾಳಿ ತಾಗಿ ಪುಡಿಯಾದರೆ ಬೋರ್ಡೋಕ್ಕೆ ಬರುವುದಿಲ್ಲ. ಹಾಗಂತ ಕಡಿಮೆ ಇಡಬೇಡಿ. 100 ಲೀಟರ್ ನೀರಿಗೆ 1 ಕೆಜಿ ತುತ್ತ, 1 ಕೆಜಿ ಸುಣ್ಣ. ಅಗ್ಗದ ಸುಣ್ಣ ಇಲ್ಲ ಅಂದರೆ ಗಿರಾಕಿ ತುತ್ತವನ್ನೂ ಪಕ್ಕದ ಅಂಗಡಿಯಲ್ಲೇ ತಗೊಳ್ಳುತ್ತಾನೆ. ಒಂದೆರಡು ಚೀಲ ಕೆಟ್ಟರೂ ಅಡ್ಡಿಯಿಲ್ಲ.

ಸಾಫ್ಟ್‌ವೇರ್ ಸದ್ಯ ಬೇಡ. ಅದಕ್ಕೂ ಇದೇ ಬಿಲ್ ತುಂಬಬೇಕು, ಮೂರು ಸೊನ್ನೆ ಸಮೇತ.