ಗಾದೆ, ಆಡುಮಾತುಗಳಲ್ಲಿ ಹಳೇ ಶವಸಂಸ್ಕಾರದ ಗುರುತು ಉಳಿದಿದೆಯಾ?

ಖಂಡಿತ ಉಳಿದಿದೆ. ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಅಂತ ವಯಸ್ಸಾದವರು ಹೇಳುತ್ತಾರಲ್ವಾ? ಇಲ್ಲಿ ಕಾಡು ಅಂದರೆ ಸುಡುಗಾಡು. ಹೂಳಲಿ, ಸುಡಲಿ, ಹೆಣವನ್ನು ಊರಿನ ಎಲ್ಲೆ ದಾಟಿಸಲೇಬೇಕು ಅನ್ನುವ ಹಳೇ ಕಟ್ಟಳೆ ಆ ಒಂದೇ ಸಾಲಿನಲ್ಲಿದೆ. ‘ಬಾಯಿಗೆ ಮಣ್ಣು ಹಾಕ’ ಅನ್ನುವ ಬೈಗುಳವೂ ಸುಮ್ನೆ ಹುಟ್ಟಿದ್ದಲ್ಲ ಅನ್ನಿಸುತ್ತೆ, ಗುಂಡಿಗೆ ಇಳಿಸಿದ ಮೇಲೆ ನೆಂಟರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುತ್ತಾರೆ ನೋಡಿ. ಉತ್ತರ ಕರ್ನಾಟಕದಲ್ಲಂತೂ ಅಂತ್ಯಕ್ರಿಯೆಗೆ ಹೋದವರು ‘ಮಣ್ಣಿಗೆ ಹೋಗಿದ್ದೆ’ ಅಂತಲೇ ಹೇಳುತ್ತಾರೆ. ಲಿಂಗಾಯತರಲ್ಲಿ ಸಾಮಾನ್ಯವಾಗಿ ಇಂದಿಗೂ ಕೂರಿಸಿ ಹೂಳುವುದರಿಂದ ಅಲ್ಲಿ ಆ ಮಾತು ಸವೆದಿಲ್ಲ.

ಇನ್ನು ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಕಲ್ಲುಗೋರಿಗಳು ಕಬ್ಬಿಣ ಯುಗದವು. ಜನರ ಬಾಯಲ್ಲಿ ಮಾತ್ರ ಅವು ಮೋರ್ಯರು ಅನ್ನುವ ಕುಳ್ಳರ ಮನೆಗಳು.