ಎಂಜಿಬಿ: ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಬೀಳುತ್ತಿದ್ದರೆ

ನಿಮ್ಮ 1972ರ ಎಂಜಿಬಿಗೆ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) 5ಡಬ್ಲ್ಯೂ-30 ಆಯಿಲ್ ಹಾಕಿದ್ದೀರಿ, ಬಿಸಿಯಾದಾಗ ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಓಡುವಾಗ) ಪ್ರೆಶರ್ ಬೀಳುತ್ತೆ ಅಂತ ಕೇಳಿದ್ದೀರಿ. ಆ ಆಯಿಲ್ ಇದಕ್ಕೆ ತುಂಬಾ ತೆಳು. ಪ್ರೆಶರ್ ಬೀಳೋದಕ್ಕೆ ಬಹುಶಃ ಅದೇ ಕಾರಣ. ಈಗಿನ 5ಡಬ್ಲ್ಯೂ-30ಯಲ್ಲಿ, ಸವೆತ ತಡೆಯಲು ಆಯಿಲ್‌ಗೆ ಬೆರೆಸುವ ಝಿಂಕ್ ಕೂಡ ಕಡಿಮೆ. ನಿಮ್ಮ ಎಂಜಿನ್‌ನಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ಗೆ ಟ್ಯಾಪೆಟ್ ನೇರವಾಗಿ ಉಜ್ಜುತ್ತೆ, ಝಿಂಕ್ ಪದರವೇ ಅದಕ್ಕೆ ಕಾವಲು. ನನ್ನ ಹಳೇ ಎಂಜಿನ್ ಬಿಚ್ಚಿದಾಗ ಒಂದು ಕ್ಯಾಮ್ ಲೋಬ್‌ನ (ಕ್ಯಾಮ್‌ನ ಉಬ್ಬು) ಮೂತಿಯೇ ಸವೆದು ದುಂಡಗಾಗಿತ್ತು. ಹೊಟ್ಟೆ ಉರಿಯಿತು.

ಆಯಿಲ್ ಬೆಚ್ಚಗಿರುವಾಗಲೇ ಇಳಿಸಿ, ಫಿಲ್ಟರ್ ಬದಲಿಸಿ. ಹಳೇ ಕಾರುಗಳಿಗೆಂದೇ ಬರುವ 20ಡಬ್ಲ್ಯೂ-50 ಹಾಕಿ, ಝಿಂಕ್ 1000–1200 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಇರಲಿ. ಅದರ ಮೇಲೆ ಸುಮ್ನೆ ಝಿಂಕ್ ಬಾಟಲಿ ಸುರಿಯಬೇಡಿ. ಆಮೇಲೆ ಚೆನ್ನಾಗಿ ಓಡಿಸಿ ಗೇಜ್ ನೋಡಿ: ಐಡಲ್‌ನಲ್ಲಿ 10–25 ಪಿಎಸ್‌ಐ, ಓಡುವಾಗ 50–80.

ಆಗಲೂ ಕಡಿಮೆ ತೋರಿಸಿದರೆ ಇನ್ನೂ ದಪ್ಪ ಆಯಿಲ್ ಹುಡುಕಬೇಡಿ. ಗೇಜೇ ತಪ್ಪು ಹೇಳುತ್ತಿರಬಹುದು, ಎಂಜಿನ್ ಬೇರಿಂಗ್ ಸವೆದಿರಲೂಬಹುದು. ಮೊದಲು ಬೇರೊಂದು ಗೇಜ್ ಜೋಡಿಸಿ ನೋಡಿ, ಅದೂ ಕಡಿಮೆ ಅಂದರೆ ಬೇರಿಂಗ್ ಬಿಚ್ಚಿಸಿ ನೋಡಿ.